ದುರ್ಬೀನ್ ಡಾಕ್ಟರಮ್ಮನ ಕಪ್ಪು ಕೊಕ್ಕೆ

ಗ್ಯಾನಮ್ಮ, ಡಾಕ್ಟರ್ ಅಂಬಿಕಾ ಅವರನ್ನು ಮೊದಲ ಸಲ ಕಂಡಾಗ ಅವರು ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿ ಏನನ್ನೋ ಹುಡುಕುತ್ತಿದ್ದರು. ಅದು ಎರಡು ಸಾವಿರದ ಹದಿಮೂರನೆಯ ಇಸವಿ, ಶ್ರಾವಣದ ಎರಡನೆಯ ಸೋಮವಾರ. ಸಿಂಧನೂರಿನ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಇಪ್ಪತ್ತು ಮಂಚದ ಖಾಸಗಿ ಆಸ್ಪತ್ರೆ. ಅಲ್ಲಿ ಕಸ ಹೊಡೆಯುವ ಕೆಲಸ ಖಾಲಿ ಇದೆ ಎಂದು ಕೇಳಿ ಗ್ಯಾನಮ್ಮ ಸಂತೆಕಲ್ಲೂರಿನಿಂದ ಮೊದಲ ಬಸ್ಸಿಗೆ ಬಂದಿದ್ದಳು. ಆಗ ಅವಳಿಗೆ ಐವತ್ತು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಹೊಲದಲ್ಲಿ ದಿನವೆಲ್ಲ ಬಾಗಿ ನಿಲ್ಲಲು ಸೊಂಟ ಒಪ್ಪುತ್ತಿರಲಿಲ್ಲ.

ಬಾಗಿಲಲ್ಲಿ ಅವಳ ನೆರಳು ಬಿದ್ದದ್ದೇ ಡಾಕ್ಟರು ತಲೆ ಎತ್ತದೆ ಕೂಗಿದರು.

"ಅಲ್ಲೇ ನಿಲ್ಲು! ಹೆಜ್ಜಿ ಇಡಬ್ಯಾಡ!"

"ಏನು ಕಳದೈತ್ರೀ?"

"ರಬ್ಬರಿನ ಉಂಗುರ. ಜ್ವಾಳದ ಕಾಳಿಗಿಂತ ಸಣ್ಣದು. ಅದು ಇಲ್ಲಂದ್ರ ಗ್ಯಾಸ್ ಸೋರತೈತಿ, ಇವತ್ತಿನ ಆಪರೇಷನ್ ಇಲ್ಲ."

ಗ್ಯಾನಮ್ಮ ಹೊಸ್ತಿಲಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಕಣ್ಣಿನಿಂದ ಹುಡುಕಲಿಲ್ಲ. ಫರಸಿ ಕಲ್ಲುಗಳು ಕೂಡುವ ಗೆರೆಯ ಮೇಲೆ ಬಲಗೈಯ ಉಗುರನ್ನು ಇಟ್ಟು ಮೆಲ್ಲಗೆ ಎಳೆಯುತ್ತ ಹೋದಳು. ಮೂರನೆಯ ಗೆರೆಯಲ್ಲಿ ಉಗುರು ನಿಂತಿತು. ಉಂಗುರವನ್ನು ಅಂಗೈ ಮೇಲಿಟ್ಟು ಚಾಚಿದಳು.

ಡಾಕ್ಟರು ಉಂಗುರವನ್ನು ನೋಡಲಿಲ್ಲ, ಕೈಯನ್ನು ನೋಡಿದರು. "ಮದ್ಲ ಏನು ಕೆಲಸ ಮಾಡ್ತಿದ್ದಿ?"

"ಹತ್ತಿ ಬೀಜದ ಪ್ಲಾಟಿನ್ಯಾಗ ಕ್ರಾಸಿಂಗ್ ಮಾಡ್ತಿದ್ನಿರೀ. ಹದಿನಾಕು ವರ್ಷ."

ನಾಳೆ ಅರಳಬೇಕಾದ ಹತ್ತಿಯ ಮೊಗ್ಗನ್ನು ಹಿಂದಿನ ಸಂಜೆ ಹೆಬ್ಬೆರಳ ಉಗುರಿನಿಂದ ಸುಲಿಯುವುದು, ಬೆಳಿಗ್ಗೆ ಬೇರೆ ಜಾತಿಯ ಹೂವನ್ನು ತಂದು ಅದಕ್ಕೆ ಮುಟ್ಟಿಸುವುದು ಆ ಕೆಲಸ. ಸುಲಿಯುವಾಗ ನಡುವಿನ ಎಳೆಗೆ ಉಗುರು ತಾಗಿದರೆ ಮೊಗ್ಗು ಎರಡು ದಿನಕ್ಕೆ ಉದುರುತ್ತದೆ. ಗ್ಯಾನಮ್ಮನ ಸಾಲಿನಲ್ಲಿ ಮೊಗ್ಗು ಉದುರುವುದು ಕಡಿಮೆ ಎಂದು ಪ್ಲಾಟಿನವರು ಅವಳನ್ನು ಮನೆಗೆ ಬಂದು ಕರೆಯುತ್ತಿದ್ದರು.

"ಕಸ ಹೊಡಿಯಾಕ ಬ್ಯಾರೆಯವ್ರನ್ನ ನೋಡ್ತೀನಿ," ಎಂದರು ಡಾಕ್ಟರ್ ಅಂಬಿಕಾ. "ನೀ ಇವನ್ನ ತೊಳೀತೀಯೇನು?"

ಹಸಿರು ಬಟ್ಟೆಯ ಮೇಲೆ ಕೋಲಿನಂಥ ಉದ್ದನೆಯ ಉಕ್ಕಿನ ಸಾಮಾನುಗಳಿದ್ದವು. ತುದಿಯಲ್ಲಿ ಒಂದಕ್ಕೆ ಹಕ್ಕಿಯ ಕೊಕ್ಕು, ಒಂದಕ್ಕೆ ಕತ್ತರಿ, ಒಂದಕ್ಕೆ ಕೊಕ್ಕೆ. ಎಲ್ಲ ಸೇರಿ ಇಪ್ಪತ್ತೆರಡು. ಗ್ಯಾನಮ್ಮನಿಗೆ ರುಜು ಹಾಕಲು, ಅಂಕಿ ಓದಲು, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅಷ್ಟೇ. ಡಾಕ್ಟರು ಒಂದು ದೊಡ್ಡ ಬಟ್ಟೆಯ ಮೇಲೆ ಪ್ರತಿಯೊಂದರ ಆಕಾರವನ್ನೂ ಪೆನ್ನಿನಿಂದ ತಿದ್ದಿ ಪಕ್ಕಕ್ಕೆ ಅಂಕಿ ಬರೆದರು. ಬಿಚ್ಚು, ತೊಳೆ, ಒರೆಸು, ಕೂಡಿಸು, ಅದರ ಆಕಾರದ ಮೇಲೆ ಇಡು. ಹದಿನೈದು ದಿನಕ್ಕೆ ಅವಳಿಗೆ ಬಟ್ಟೆ ಬೇಡವಾಯಿತು. ಆದರೂ ಹಾಸುತ್ತಿದ್ದಳು.

ಊರವರು ಈ ಚಿಕಿತ್ಸೆಗೆ ದುರ್ಬೀನ್ ಆಪರೇಷನ್ ಎನ್ನುತ್ತಿದ್ದರು. ಹೊಟ್ಟೆಯನ್ನು ಗೇಣುದ್ದ ಕೊಯ್ಯದೆ ಮೂರು ನಾಲ್ಕು ತೂತು ಹಾಕಿ, ಗ್ಯಾಸು ತುಂಬಿ ಉಬ್ಬಿಸಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನೋಡುತ್ತ ಒಳಗೆ ಕೆಲಸ ಮಾಡುವುದು. ಸಿಂಧನೂರಿನಲ್ಲಿ ಆ ಆಸ್ಪತ್ರೆಗೆ ಅದು ಹೊಸದು. ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ಸಿದ್ದರಾಮೇಶ ಮೂವತ್ತು ವರ್ಷ ಕೊಯ್ದು ಹೊಲಿದ ಕೈಯವರು. ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ. ಅಂಬಿಕಾ ಅವರಿಗೆ ಆಪರೇಷನ್ ಥಿಯೇಟರು ಕೊಟ್ಟ ದಿನವೇ ಹೇಳಿದ್ದರು: "ಮಾಡವ್ವಾ. ಆದ್ರ ಒಂದು ಕೇಸು ಕೆಟ್ರ ಊರ ಮಂದಿ ನಿನ್ನ ಟಿವಿ ಹೊರಗ ಒಯ್ದು ಇಡ್ತಾರ. ನಾನೂ ತಡ್ಯಾಕಾಗಂಗಿಲ್ಲ."

ಅಂಬಿಕಾ ಮಸ್ಕಿಯವರು. ತಂದೆ ಮುದುಕಪ್ಪ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಮಸ್ಕಿಯ ಕನ್ನಡ ಶಾಲೆ, ದಿನಾ ಬಸ್ಸಿನಲ್ಲಿ ಹೋಗಿಬಂದು ಲಿಂಗಸುಗೂರಿನಲ್ಲಿ ಪಿಯುಸಿ, ಬಳ್ಳಾರಿಯಲ್ಲಿ ಡಾಕ್ಟರಿಕೆ, ಹುಬ್ಬಳ್ಳಿಯಲ್ಲಿ ಸರ್ಜರಿ. ದುರ್ಬೀನು ಕಲಿಯಲು ಮಹಾರಾಷ್ಟ್ರದ ಒಂದು ದೊಡ್ಡ ಆಸ್ಪತ್ರೆ ಸೇರಿದರೆ ಅಲ್ಲಿ ಎರಡು ವರ್ಷ ಇವರ ಕೈಗೆ ಕ್ಯಾಮೆರಾ ಬಿಟ್ಟು ಬೇರೇನೂ ಕೊಡಲಿಲ್ಲ. "ಹೆಣ್ಮಕ್ಕಳು ಅಲುಗಾಡಿಸದೆ ಹಿಡೀತಾರ, ನೀ ಹಿಡಿ ಅಂದ್ರು," ಎಂದು ಒಮ್ಮೆ ಗ್ಯಾನಮ್ಮನ ಮುಂದೆ ನಕ್ಕಿದ್ದರು. "ನಾ ಹಿಡದೆ. ಕೊಯ್ಯೋರು ತಮ್ಮ ಕೈಯಷ್ಟೇ ನೋಡ್ತಾರ. ಕ್ಯಾಮೆರಾ ಹಿಡದಾಕಿ ಎಲ್ಲರ ಕೈ ನೋಡ್ತಾಳ. ಎಂಟುನೂರು ಆಪರೇಷನ್ ನೋಡಿ ಬಂದೆ."

"ಮತ್ತ ಅಲ್ಲೇ ಯಾಕ ಉಳೀಲಿಲ್ರೀ?"

"ನಮ್ಮವ್ವಗ ಪಿತ್ತಕೋಶ ತೆಗೆದಾಗ ಗೇಣುದ್ದ ಕೊಯ್ದಿದ್ರು. ಮೂರು ತಿಂಗಳು ಕೊಡ ಎತ್ತಲಿಲ್ಲ. ಕೂಲಿಗೆ ಹೋಗೋರಿಗೆ ಮೂರು ತಿಂಗಳು ಅಂದ್ರ ಒಂದು ಹಂಗಾಮು ಹೋದಂಗ. ಈ ಆಪರೇಷನ್ ಯಾರಿಗೆ ಬೇಕಿತ್ತೋ ಅವ್ರ ಊರಾಗ ಇದ್ದಿಲ್ಲ, ಅದಕ್ಕ ಬಂದೆ."

ಮೊದಮೊದಲು ಜನ ನಂಬಲಿಲ್ಲ. ಮಸ್ಕಿಯ ಕಡೆಯ ಗದ್ದೆಪ್ಪ ಎಂಬುವನು ಮೂರನೆಯ ದಿನ ಮನೆಗೆ ಹೋಗು ಎಂದಾಗ ಜಗಳಕ್ಕೇ ನಿಂತ. "ನಮ್ಮಣ್ಣಗ ಹನ್ನೆರಡು ಹೊಲಿಗಿ ಹಾಕ್ಯಾರ. ನನಗ ಬರೇ ಮೂರು ಹಾಕಿ ಹೊರಗ ಹಾಕ್ತೀರಲ್ಲ, ನಾ ಏನು ಪಾಪ ಮಾಡೀನ್ರೀ?" ಆಮೇಲೆ ಅದೇ ಗದ್ದೆಪ್ಪ ಚಹಾದಂಗಡಿಯಲ್ಲಿ ಅಂಗಿ ಎತ್ತಿ ಮೂರು ತೂತು ತೋರಿಸುವುದನ್ನೇ ಕೆಲಸ ಮಾಡಿಕೊಂಡ. ಅವನು ಅಂಗಿ ಎತ್ತಿದಷ್ಟು ಸಲ ಯಾವ ಜಾಹೀರಾತೂ ಆಸ್ಪತ್ರೆಯ ಹೆಸರು ಹೇಳಿರಲಿಕ್ಕಿಲ್ಲ.

ವರ್ಷಗಳು ಕಳೆದವು. ಪಿತ್ತಕೋಶ, ಅಪೆಂಡಿಕ್ಸು, ಹರ್ನಿಯಾ, ಗರ್ಭಕೋಶದ ಗಡ್ಡೆ. ಬುಧವಾರ ಲಿಂಗಸುಗೂರು, ಶನಿವಾರ ಮಸ್ಕಿ, ಉಳಿದ ದಿನ ಸಿಂಧನೂರು. ತಾವೊಬ್ಬರೇ ಮಾಡಿದರೆ ಸಾಲದು ಎಂದು ಅಂಬಿಕಾ ಬೇರೆಯವರಿಗೂ ಕಲಿಸತೊಡಗಿದರು. ಬೂಟಿನ ಡಬ್ಬಿಗೆ ಎರಡು ತೂತು ಮಾಡಿ, ಒಳಗೆ ಮೊಬೈಲಿನ ಕ್ಯಾಮೆರಾ ಕಟ್ಟಿ, ಹೊರಗೆ ಟಿವಿ ನೋಡುತ್ತ ಆ ಉಕ್ಕಿನ ಕೋಲುಗಳಿಂದ ಒಂದು ಬಟ್ಟಲಿನ ಶೇಂಗಾ ಕಾಳನ್ನು ಇನ್ನೊಂದು ಬಟ್ಟಲಿಗೆ ಹಾಕಬೇಕು, ಸಿಪ್ಪೆ ಸುಲಿಯಬಾರದು. ಲಿಂಗಸುಗೂರಿನಿಂದ ಭಾರತಿ ಎಂಬ ಎಳೆಯ ಡಾಕ್ಟರು ಹೀಗೇ ಕಲಿತು ಅಲ್ಲಿ ತಾವೇ ಮಾಡುವಂತಾದರು. ಒಂದು ಮಧ್ಯಾಹ್ನ ಗ್ಯಾನಮ್ಮ ಬಾಗಿಲು ತೆಗೆದರೆ ಡಬ್ಬಿಯ ಮುಂದೆ ಸಿದ್ದರಾಮೇಶ ಡಾಕ್ಟರು ಕೂತಿದ್ದರು. ಅರವತ್ತೊಂದು ವರ್ಷದವರು. ಹಣೆಯಲ್ಲಿ ಬೆವರು, ನೆಲದ ತುಂಬ ಶೇಂಗಾ.

"ಶೇಂಗಾ ತಿನ್ನಾಕ ಬಂದಿದ್ದೆ," ಎಂದರು.

"ತಿನ್ರೀ ಸಾಹೇಬ್ರ," ಎಂದು ಗ್ಯಾನಮ್ಮ ಬಾಗಿಲು ಹಾಕಿಕೊಂಡು ಬಂದಳು. ಯಾರಿಗೂ ಹೇಳಲಿಲ್ಲ. ಮರುವರ್ಷ ಅವರು ಅಂಬಿಕಾ ಅವರ ಎದುರು ನಿಂತು, ಅವರು ಹೇಳಿದಂತೆ ಕ್ಯಾಮೆರಾ ಹಿಡಿದರು. ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಅಂಬಿಕಾ ಅವರನ್ನೇ ಮುಖ್ಯಸ್ಥೆ ಮಾಡಿದ್ದೂ ಅವರೇ.

ಹತ್ತು ವರ್ಷ ಹೀಗೆ ನಡೆಯಿತು. ತೊಳೆಯುವ ಕೋಣೆಯಲ್ಲಿ ಗ್ಯಾನಮ್ಮ ಹಳಬಳಾದಳು. ಹಳಬಳಾಗಿದ್ದೇ ತೊಂದರೆಯಾಯಿತು.

ಹೊಟ್ಟೆಯೊಳಗೆ ರಕ್ತ ಬರದಂತೆ ಪಿತ್ತಕೋಶ ಬಿಡಿಸುವ ಕೊಕ್ಕೆಯಲ್ಲಿ ಕರೆಂಟು ಹರಿಯುತ್ತದೆ. ತುದಿಯ ಉಕ್ಕು ಮಾತ್ರ ಬರಿಮೈ. ಉಳಿದ ಕೋಲಿಗೆಲ್ಲ ಪ್ಲಾಸ್ಟಿಕ್ಕಿನ ಹೊದಿಕೆ. ಕೆಲಸವಾದಾಗ ತುದಿಯಲ್ಲಿ ಸುಟ್ಟ ಮಸಿ ಕೂರುತ್ತದೆ. ಹಳೆಯ ಕೊಕ್ಕೆಗಳ ಹೊದಿಕೆ ನೀಲಿ ಬಣ್ಣದ್ದು. ಆದ್ದರಿಂದ ಎಲ್ಲಿ ಕರ್ರಗೆ ಕಂಡರೂ ಅದು ಮಸಿಯೇ. ಕಂಪನಿಯ ಮೆತ್ತನೆಯ ಪ್ಯಾಡಿನಿಂದ ಅದು ಪೂರ್ತಿ ಹೋಗುತ್ತಿರಲಿಲ್ಲವೆಂದು ಗ್ಯಾನಮ್ಮ ಮನೆಯಿಂದ ಜರಡಿ ಹಿಡಿದ ನುಣುಪು ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು, ಚಿಟಿಕೆಯಷ್ಟು ಹಚ್ಚಿ ತುದಿಯನ್ನು ಬೆಳಗುತ್ತಿದ್ದಳು. ಪಾತ್ರೆಯ ತಳದ ಮಸಿ ತೆಗೆದ ಹಾಗೆಯೇ. ಆಮೇಲೆ ಹೇಗೂ ನೀರಿನಲ್ಲಿ ತೊಳೆದು ಹಬೆಯ ಯಂತ್ರಕ್ಕೆ ಹಾಕುತ್ತಾರೆ. ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಥಿಯೇಟರಿನ ಸಿಸ್ಟರ್ ಮಮತಾ, "ಗ್ಯಾನಮ್ಮನ ಸಾಮಾನು ನೋಡಿ ಕುಂಕುಮ ಇಟ್ಕೋಬಹುದು," ಎನ್ನುತ್ತಿದ್ದಳು. ಹೇಗೆ ಹೊಳೆಯುತ್ತದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇಪ್ಪತ್ತಮೂರನೆಯ ಇಸವಿಯ ಯುಗಾದಿಯ ಹೊತ್ತಿಗೆ ಹೊಸ ಕೊಕ್ಕೆಗಳು ಬಂದವು. ಅವುಗಳ ಹೊದಿಕೆ ಕಪ್ಪು.

ಕೋಲು ಕಪ್ಪಗಿರುವುದು ಅದರ ಬಣ್ಣ ಎಂದು ಗ್ಯಾನಮ್ಮನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ತುದಿಯ ಹತ್ತಿರ, ಹೊದಿಕೆ ಮುಗಿದು ಉಕ್ಕು ಶುರುವಾಗುವ ಕಡೆ, ಎಲ್ಲಿಯವರೆಗೆ ಬಣ್ಣ, ಎಲ್ಲಿಂದ ಮಸಿ ಎಂದು ತಿಳಿಯಲಿಲ್ಲ. ಕೇಳಬೇಕೆಂದುಕೊಂಡಳು. ಹತ್ತು ವರ್ಷ ತೊಳೆದವಳು ಈಗ ಹೋಗಿ ಇದು ಮಸಿಯೋ ಬಣ್ಣವೋ ಎಂದು ಕೇಳುವುದೇ ಎಂದು ನಾಚಿಕೆಯಾಯಿತು. ದಿನಾ ಸ್ವಲ್ಪ ಸ್ವಲ್ಪ ಬೂದಿ ಹಚ್ಚಿ ತಿಕ್ಕಿದಳು. ಬೇರೆ ಯಾರಾದರೂ ಆಗಿದ್ದರೆ ಬೇಸತ್ತು ಬಿಡುತ್ತಿದ್ದರು. ಗ್ಯಾನಮ್ಮ ಬಿಡುವವಳಲ್ಲ.

ಜೂನ್ ಕೊನೆಗೆ ಜವಳಗೇರಾದ ಸುಭಾನಬಿ ಬಂದಳು. ಮೂವತ್ತೆಂಟರ ಗಟ್ಟಿ ಹೆಂಗಸು. ಭತ್ತದ ನಾಟಿ ಹಚ್ಚುವ ಹದಿನಾರು ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಪಿತ್ತಕೋಶದಲ್ಲಿ ಕಲ್ಲು. "ಕಾಲುವಿ ನೀರು ಬರೋದ್ರಾಗ ನನ್ನ ಎಬ್ಬಿಸಿಬಿಡ್ರೀ ಡಾಕ್ಟರಮ್ಮ. ನಾ ಇಲ್ಲಂದ್ರ ಆ ಹುಡುಗ್ಯಾರು ಸಾಲು ಹಾವಿನಂಗ ಹಚ್ಚತಾವ," ಎಂದಳು. ಐವತ್ತೊಂದು ನಿಮಿಷದ ಆಪರೇಷನ್. ಏನೂ ತೊಡಕಾಗಲಿಲ್ಲ. ಎರಡನೆಯ ದಿನ ಅನ್ನ ಉಂಡು ಮನೆಗೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಗಂಡ ಅಮೀನ್‌ಸಾಬ್ ಅವಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಮೈ ಕೆಂಡ. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಅಂಬಿಕಾ, ಸಿದ್ದರಾಮೇಶ ಇಬ್ಬರೂ ಸೇರಿ ಹೊಟ್ಟೆಯನ್ನು ಗೇಣುದ್ದ ಕೊಯ್ದರು. ಸಣ್ಣ ಕರುಳಿನಲ್ಲಿ ಮೆಣಸಿನ ಕಾಳಿನಷ್ಟು ತೂತು, ಸುತ್ತಲೂ ಸುಟ್ಟ ಗುರುತು. ತೂತು ಮುಚ್ಚಿ, ಹೊಟ್ಟೆ ತೊಳೆದು, ನಳಿಗೆ ಹಾಕಿ ಐಸಿಯುವಿನಲ್ಲಿ ಮಲಗಿಸಿದರು. ಉಳಿಯುತ್ತಾಳೋ ಇಲ್ಲವೋ ನಾಲ್ಕೈದು ದಿನ ಹೇಳಲಾಗದು ಎಂದರು.

ಅದೇ ಸಂಜೆ ಅಂಬಿಕಾ ಟಿವಿಯ ಮೇಲೆ ಹಸಿರು ಬಟ್ಟೆ ಹೊದಿಸಿದರು.

"ಒಂದಿಷ್ಟು ದಿನ ಕೊಯ್ದೇ ಮಾಡೋಣ," ಎಂದರು ಸಿದ್ದರಾಮೇಶ. ಹತ್ತು ವರ್ಷದ ಹಿಂದಿನ ಮಾತನ್ನು ಅವರು ಎತ್ತಲಿಲ್ಲ.

"ಒಂದಿಷ್ಟು ದಿನ ಅಲ್ಲ ಸರ್. ನನ್ನ ಕೈ ಎಲ್ಲಿ ತಪ್ಪಿತು ಅಂತ ತಿಳಿಯೋತನಕ ನಾ ಕೊಕ್ಕಿ ಮುಟ್ಟಂಗಿಲ್ಲ. ತಿಳೀಲಿಲ್ಲ ಅಂದ್ರ ಯಾವತ್ತೂ ಇಲ್ಲ."

ಮುಂದಿನ ವಾರದ ಕೇಸುಗಳನ್ನೆಲ್ಲ ವಾಪಸು ಕಳಿಸಿದರು. ಲಿಂಗಸುಗೂರಿನ ಭಾರತಿಗೂ ಫೋನು ಮಾಡಿ, ಕಾರಣ ತಿಳಿಯುವವರೆಗೆ ನಿಲ್ಲಿಸು ಎಂದರು. ಆಮೇಲೆ ಆ ಐವತ್ತೊಂದು ನಿಮಿಷದ ವಿಡಿಯೋ ಹಾಕಿಕೊಂಡು ಕೂತರು. ಗ್ಯಾನಮ್ಮ ಚಹಾ ಒಯ್ದಾಗ ಕಣ್ಣು ಕೀಳದೆ ಹೇಳಿದರು: "ಇದು ಏಳನೇ ಸಲ. ನೋಡು, ಕೊಕ್ಕಿ ತುದಿ ಕರುಳಿನ ಹತ್ತರಾನ ಹೋಗಿಲ್ಲ. ಮತ್ತ ಹೆಂಗ ಸುಟ್ಟಿತು? ನಾ ನೋಡದಂಗ ನನ್ನ ಕೈ ಏನು ಮಾಡಿತು?"

ಮೊದಲ ಚಹಾ ತಣ್ಣಗಾಗಿತ್ತು. ಅದನ್ನು ತೆಗೆದು ಬಿಸಿಯದನ್ನು ಇಟ್ಟು ಗ್ಯಾನಮ್ಮ ಹೊರಗೆ ಬಂದಳು.

ಮರುದಿನ ಹನ್ನೊಂದು ಗಂಟೆಗೆ ಮಮತಾ, "ಹೆಂಗೂ ದುರ್ಬೀನ್ ಬಂದ್ ಆಗೈತಿ, ಎಲ್ಲಾ ಸಾಫ್ ಮಾಡಿ ಎತ್ತಿಟ್ಟುಬಿಡು," ಎಂದಳು. ಗ್ಯಾನಮ್ಮ ಒಂದೊಂದನ್ನೇ ಒರೆಸುತ್ತ ಬಂದಳು. ಸುಭಾನಬಿಗೆ ಬಳಸಿದ ಕೊಕ್ಕೆಯ ಕೋಲಿನ ಮೇಲೆ ಬೆರಳು ಜಾರಿಸಿದಾಗ ತುದಿಯಿಂದ ಎರಡು ಬೆರಳಿನಷ್ಟು ಮೇಲೆ ಉಗುರು ನಿಂತಿತು. ಹಿಂದೆ ಎಳೆದಳು. ಮತ್ತೆ ಅಲ್ಲೇ ನಿಂತಿತು. ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿದಳು. ಕಪ್ಪು ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕಿನ ತಳದಲ್ಲಿ ಬಿಳಿ ಉಕ್ಕು ಮಿನುಗಿತು.

ಸುಲಿದ ವೈರನ್ನು ಕಂಡಿದ್ದವಳಿಗೆ ಯಾರೂ ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಟಿವಿಯಲ್ಲಿ ಕಾಣುವುದು ತುದಿ. ಈ ಬಿರುಕು ಇದ್ದದ್ದು ತುದಿಯಿಂದ ಮೇಲೆ, ಟಿವಿಗೆ ಕಾಣದ ಕಡೆ. ಅಲ್ಲಿ ಹೊದಿಕೆಯನ್ನು ತೆಳ್ಳಗೆ ಮಾಡಿದ್ದು ಬೂದಿ. ಬೂದಿ ಹಚ್ಚಿದ್ದು ಅವಳ ಕೈ.

ಅವಳು ಸ್ಟೂಲಿನ ಮೇಲೆ ಕೂತಳು. ಸವೆದ ಸಾಮಾನು ಹಾಕುವ ಡಬ್ಬಿ ಕಾಲ ಹತ್ತಿರವೇ ಇತ್ತು. ಯಾವುದು ಸವೆದಿದೆ ಎಂದು ಹೇಳುವವಳೂ ಅವಳೇ. ಡಬ್ಬಿಗೆ ಹಾಕಿದರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋಗುವುದಿರಲಿ, ಸುಭಾನಬಿಗೆ ಏನಾದರೂ ಆದರೆ ಸಂತೆಕಲ್ಲೂರಿನಿಂದ ಜವಳಗೇರಾದವರೆಗೆ ಗ್ಯಾನಮ್ಮನ ಹೆಸರು ಏನಾಗುತ್ತದೆ? ಹೇಳದಿದ್ದರೆ? ಹೇಳದಿದ್ದರೆ ಮೇಲಿನ ಕೋಣೆಯಲ್ಲಿ ಆ ಹೆಂಗಸು ತನ್ನ ಕೈಯನ್ನು ತಾನೇ ಅನುಮಾನಿಸುತ್ತ ಎಂಟನೆಯ ಸಲ, ಒಂಬತ್ತನೆಯ ಸಲ ನೋಡುತ್ತಾಳೆ. ಅದರಲ್ಲಿ ಸಿಗುವುದು ಏನೂ ಇಲ್ಲ. ಟಿವಿಯ ಮೇಲಿನ ಬಟ್ಟೆ ತೆಗೆಯುವುದಿಲ್ಲ.

ಗ್ಯಾನಮ್ಮ ಕೊಕ್ಕೆಯನ್ನು ಒಂದು ಕೈಯಲ್ಲಿ, ಬೂದಿಯ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ಎರಡನ್ನೂ ಮೇಜಿನ ಮೇಲೆ ಇಟ್ಟಳು.

"ಡಾಕ್ಟರಮ್ಮ, ಅದನ್ನ ನೋಡಬ್ಯಾಡ್ರೀ. ಇದನ್ನ ನೋಡ್ರೀ. ಉಗುರು ಎಳೀರಿ ಇಲ್ಲಿ."

ಅಂಬಿಕಾ ಉಗುರು ಎಳೆದರು. ಉಗುರು ನಿಂತಿತು. ಮತ್ತೆ ಎಳೆದರು. "ಇದೇನು ಗಂಟು?"

"ಬೂದಿ. ಮಸಿ ಹೋಗಲಿ ಅಂತ ತಿಕ್ಕತಿದ್ನಿ. ಮೂರು ತಿಂಗಳಿಂದ ಕರಿ ಕೊಕ್ಕಿಗೂ ತಿಕ್ಕೀನಿ."

ಅಂಬಿಕಾ ಎದ್ದು ಕೆಳಗೆ ಹೋಗಿ ಆಂಬುಲೆನ್ಸಿನ ಡ್ರೈವರ್ ಜಿಲಾನಿಸಾಬನನ್ನು ಕರೆದರು. "ಬಜಾರಿಗೆ ಹೋಗಿ ಕಾಲು ಕೆಜಿ ಕಲೀಜಾ ತಾ. ಜಲ್ದಿ."

"ಕಲೀಜಾ? ಥೇಟರಿಗೆ?" ಜಿಲಾನಿಸಾಬ್ ಬಾಯಿ ತೆರೆದ. "ಈರುಳ್ಳಿ, ಕೊತ್ತಂಬ್ರಿನೂ ತರ್ಲೇನ್ರೀ?"

ಯಾರೂ ನಗಲಿಲ್ಲವೆಂದು ಅವನು ಓಡಿದ.

ಆ ದಿನ ಕೇಸಿಗೆ ಬಳಸದ ಥಿಯೇಟರಿನ ಒಂದು ಮೂಲೆಯಲ್ಲಿ, ಕರೆಂಟಿನ ಯಂತ್ರದ ತಟ್ಟೆಯ ಮೇಲೆ ಕುರಿಯ ಕಲೀಜಾ, ಅಂದರೆ ಯಕೃತ್ತನ್ನು, ಇಟ್ಟರು. ಸಿದ್ದರಾಮೇಶ, ಮಮತಾ, ಗ್ಯಾನಮ್ಮ ಸುತ್ತ ನಿಂತರು. ಅಂಬಿಕಾ ಕೊಕ್ಕೆಯ ತುದಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಬಿರುಕಿದ್ದ ಪಕ್ಕವನ್ನು ಮಾತ್ರ ಮಾಂಸಕ್ಕೆ ಹತ್ತಿರ ತಂದು ಪೆಡಲು ಒತ್ತಿದರು. ಚಟ್ ಎಂದಿತು. ತುದಿಯಿಂದಲ್ಲ, ಪಕ್ಕದಿಂದ ಒಂದು ನೀಲಿ ಕಿಡಿ ಹಾರಿತು. ಕಲೀಜದ ಮೇಲೆ ಮೆಣಸಿನ ಕಾಳಿನಷ್ಟು ಬಿಳಿ ಚುಕ್ಕೆ ಬಿತ್ತು.

ಇನ್ನೊಂದು ಸಲ ಒತ್ತಿದರು. ಇನ್ನೊಂದು ಚುಕ್ಕೆ.

ಅಂಬಿಕಾ ಕೊಕ್ಕೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದರು. ನಿನ್ನೆಯಿಂದ ಎತ್ತಿ ಹಿಡಿದಿದ್ದ ಹೆಗಲು ಕೆಳಗಿಳಿದವು. "ನನ್ನ ಕೈಯಲ್ಲ," ಎಂದರು. "ಸರ್, ನನ್ನ ಕೈಯಲ್ಲ."

"ನನ್ನ ಕೈರೀ," ಎಂದಳು ಗ್ಯಾನಮ್ಮ. ಹಾಗೆನ್ನುವಾಗ ಅವಳಿಗೂ ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬಂತು. ಬೆಳಿಗ್ಗೆಯಿಂದ ಅದು ಅರ್ಧಕ್ಕೇ ನಿಲ್ಲುತ್ತಿತ್ತು. "ನಾ ನಾಳಿಂದ ಬರಂಗಿಲ್ರೀ."

"ಸುಮ್ಮನಿರು." ಅಂಬಿಕಾ ಅವಳ ಕಡೆ ತಿರುಗಿದರು. "ಕರಿ ಹೊದಿಕಿ ಯಾಕ ಐತಿ ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಇಲ್ರೀ."

"ನಾ ಹೇಳೀನೇನು?"

"ಇಲ್ರೀ."

"ಲೈನ್‌ಮನ್ ಮಗಳು ನಾನು. ವೈರ್ ಸುಲದಿರ್ತೈತಿ ಮುಟ್ಟಬ್ಯಾಡ ಅಂತ ನಮ್ಮಪ್ಪ ಅಕ್ಷರಕ್ಕಿಂತ ಮದ್ಲ ಕಲಿಸ್ಯಾನ. ಅದನ್ನ ನಾ ನಿನಗ ಹತ್ತು ವರ್ಷ ಆದ್ರೂ ಹೇಳಿಲ್ಲ. ಹೊಸ ಕೊಕ್ಕಿ ತಂದಾಕಿ ನಾನು. ತೊಳ್ಯಾಕಿ ಹೆಂಗ ತೊಳೀತಾಳ ಅಂತ ಒಂದು ದಿನ ಬಂದು ನೋಡಿಲ್ಲ. ಹೊಳೀತೈತಿ ಅಂತ ಖುಷಿ ಪಟ್ಟೆ. ನೀ ನಾಳೆ ಬರಬೇಕು. ಎಂಟಕ್ಕಲ್ಲ, ಏಳಕ್ಕ."

ಆಮೇಲೆ ಸಿದ್ದರಾಮೇಶ ಡಾಕ್ಟರು ಬೇಡವೆಂದರೂ ಅಂಬಿಕಾ ಕೇಳಲಿಲ್ಲ. ಐಸಿಯುವಿನ ಹೊರಗೆ ಬೆಂಚಿನ ಮೇಲಿದ್ದ ಅಮೀನ್‌ಸಾಬನ ಪಕ್ಕದಲ್ಲಿ ಕೂತು, ಕೊಕ್ಕೆ ತೋರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಗ್ಯಾನಮ್ಮ ಗೋಡೆಯ ಪಕ್ಕ ನಿಂತಿದ್ದಳು.

"ಬೂದಿ?" ಎಂದ ಅಮೀನ್‌ಸಾಬ್. "ಭಾಂಡೆ ತಿಕ್ಕೋ ಬೂದಿ?"

"ಹೌದು."

"ನೀವು ಹೇಳದಿದ್ರ ನನಗ ಗೊತ್ತಾಗ್ತಿತ್ತೇನ್ರೀ?"

"ಇಲ್ಲ."

"ಮತ್ತ ಯಾಕ ಹೇಳಿದ್ರಿ? ನಾ ಯಾರ ಮ್ಯಾಲ ಸಿಟ್ಟು ಮಾಡ್ಲಿ ಈಗ? ಅಲ್ಲಾ ಕೊಟ್ಟಿದ್ದು ಅಂತ ಸುಮ್ನ ಕುಂತಿದ್ದೆ." ಎದ್ದು ಹೋಗಿ ಅಂಗಳದ ಬೇವಿನ ಗಿಡದ ಕೆಳಗೆ ನಿಂತ. ಅಂದಿನಿಂದ ಊಟ, ನಿದ್ದೆ ಎರಡೂ ಅಲ್ಲೇ. ಇಡೀ ಖರ್ಚು ಆಸ್ಪತ್ರೆಯದು ಎಂದದ್ದಕ್ಕೂ ತಲೆಯಾಡಿಸಲಿಲ್ಲ.

ಕರುಳು ಹೊಲಿದವರಿಗೆ ಕರುಳು ಮತ್ತೆ ನಡೆಯತೊಡಗಿತೋ ಇಲ್ಲವೋ ಎಂಬುದೇ ಎಲ್ಲ. ಅದು ಗೊತ್ತಾಗುವುದು ಗಾಳಿ ಹೋದಾಗ. ಅಂಬಿಕಾ ದಿನಕ್ಕೆ ಮೂರು ಸಲ ಬಂದು ಸುಭಾನಬಿಯ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದರು. ಅವಳು ಇಲ್ಲ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಐದನೆಯ ದಿನ ಜ್ವರ ಇಳಿಯಿತು. ಆರನೆಯ ದಿನ ಬೆಳಿಗ್ಗೆ, ಸಿಸ್ಟರು ಹಾಸಿಗೆಯ ಬಟ್ಟೆ ಬದಲಿಸುವಾಗ, ಇಡೀ ಕೋಣೆಗೆ ಕೇಳುವಂತೆ ಗಾಳಿ ಹೋಯಿತು.

"ಹೋತು!" ಎಂದು ಮಮತಾ ಓಣಿಯವರೆಗೆ ಕೇಳುವಂತೆ ಕೂಗಿದಳು. ಸಿದ್ದರಾಮೇಶ ಡಾಕ್ಟರು ಕೈಯಲ್ಲಿದ್ದ ಚಹಾದ ಕಪ್ಪಿನೊಂದಿಗೇ ಓಡಿ ಬಂದರು. ಜಿಲಾನಿಸಾಬ್ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದ. ಅಂಬಿಕಾ ಸುಭಾನಬಿಯ ಪಾದ ಹಿಡಿದುಕೊಂಡು ನಗುತ್ತ ಕಣ್ಣೊರೆಸಿಕೊಂಡರು.

ಸುಭಾನಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಇದಕ್ಕ ಇಷ್ಟು ಮಂದಿ ಖುಷಿ ಪಡೋದು ನಾ ಎಲ್ಲೂ ನೋಡಿಲ್ಲಬೇ. ಮನ್ಯಾಗಾದ್ರ ಬೈತಾರ."

ಅಮೀನ್‌ಸಾಬ್ ಬೇವಿನ ಗಿಡದ ಕೆಳಗಿಂದ ಒಳಗೆ ಬಂದ.

ಅವಳು ಗಂಜಿ ಕುಡಿಯತೊಡಗಿದ ದಿನ ಗ್ಯಾನಮ್ಮ ಮಂಚದ ಹತ್ತಿರ ಹೋಗಿ ನಿಂತಳು.

"ನೀನೇನಾ ಬೂದಿ ಹಚ್ಚಿದಾಕಿ?"

"ಹೌದವ್ವ, ನಾನಾ."

ಸುಭಾನಬಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಕರ್ರಗ ಕಂಡ್ರ ನಾನೂ ತಿಕ್ಕೇ ಬಿಡ್ತಿದ್ನಿ. ಆದ್ರ ಈ ಸಲದ ನಾಟಿ ಹೋತು. ನೀರು ಬಂದಾವಂತ, ಆ ಹುಡುಗ್ಯಾರು ನಾ ಇಲ್ಲದ ಹಚ್ಯಾಕತ್ಯಾವ. ಅದಕ್ಕ ನಿನ್ನ ಮ್ಯಾಲ ಸಿಟ್ಟು ಐತಿ. ಇರತೈತಿ."

"ಇರಲವ್ವ," ಎಂದಳು ಗ್ಯಾನಮ್ಮ. ಮಾಫ್ ಮಾಡಿದೆ ಎಂದಿದ್ದರೆ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಸಿಟ್ಟು ಸರಿಯಾದ ತೂಕದ್ದಿತ್ತು.

ಹದಿಮೂರನೆಯ ದಿನ ಸುಭಾನಬಿ ನಡೆದು ಟಂಟಂ ಹತ್ತಿದಳು. ಮುಂದಿನ ಭಾನುವಾರ ಅಂಬಿಕಾ ಲಿಂಗಸುಗೂರಿನ ಭಾರತಿಯನ್ನೂ ಮಸ್ಕಿಯ ಥಿಯೇಟರಿನವರನ್ನೂ ಕರೆಸಿದರು. ಮೊದಲು ತಮ್ಮ ತಪ್ಪು ಹೇಳಿದರು, ಆಮೇಲೆ ಕೊಕ್ಕೆಯನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಉಗುರು ಎಳೆದು ನೋಡುವಂತೆ ಮಾಡಿದರು. ಹೊಸ ಕಟ್ಟಳೆ ಹಾಕಿದರು: ತೊಳೆಯುವ ಕೋಣೆಯನ್ನು ಡಾಕ್ಟರು ವಾರಕ್ಕೊಮ್ಮೆ ನಿಂತು ನೋಡಬೇಕು. ತೊಳೆಯುವವರು ಕೇಳಿದ ಪ್ರಶ್ನೆಗೆ ಯಾರೂ ನಗಬಾರದು. ಬಿರುಕು ಹುಡುಕುವ ದಾರಿಯನ್ನು ಗ್ಯಾನಮ್ಮನೇ ಕಂಡುಕೊಂಡಿದ್ದಳು. ಹಿಂಜಿದ ಹತ್ತಿಯನ್ನು ಕೋಲಿನ ಸುತ್ತ ಸಡಿಲವಾಗಿ ಹಿಡಿದು ಮೇಲಿಂದ ಕೆಳಗೆ ಎಳೆಯುವುದು. ಎಲ್ಲಿ ಒಂದು ಎಳೆ ಸಿಕ್ಕಿಕೊಂಡರೂ ಆ ಸಾಮಾನು ಬೇಡ. ಗ್ಯಾನಮ್ಮ ಹ್ಞೂಂ ಎನ್ನದೆ ಯಾರನ್ನೂ ಮೇಜಿನ ಮೇಲೆ ಮಲಗಿಸಬಾರದು ಎಂದು ಅಂಬಿಕಾ ಕೊನೆಗೆ ಹೇಳಿದಾಗ ಸಿದ್ದರಾಮೇಶ ಡಾಕ್ಟರು ಹುಬ್ಬೇರಿಸಿದರು, ಆದರೆ ಎದುರಾಡಲಿಲ್ಲ.

ಆಗಸ್ಟ್ ಏಳಕ್ಕೆ ಟಿವಿಯ ಮೇಲಿನ ಬಟ್ಟೆ ತೆಗೆದರು. ಮಸ್ಕಿಯ ಕಡೆಯ ಜ್ಯೋತಿ ಎಂಬ ಅಂಗನವಾಡಿ ಟೀಚರು ಮೊದಲ ಕೇಸು. ತೊಳೆಯುವ ಕೋಣೆಯ ಎದುರಿನ ಗಾಲಿಮಂಚದ ಮೇಲೆ ಹಸಿರು ಟೋಪಿ ಹಾಕಿಕೊಂಡು ಮಲಗಿದ್ದರು. ಗ್ಯಾನಮ್ಮ ಏಳರಿಂದ ಒಂದೊಂದಕ್ಕೂ ಹತ್ತಿ ಎಳೆಯುತ್ತಿದ್ದಳು. ಎಂಟೂವರೆಗೆ ಅಂಬಿಕಾ ಬಾಗಿಲಿಗೆ ಬಂದರು.

"ಎಲ್ಲಾ ಬರೋಬರ್ ಐತೇನು, ಗ್ಯಾನಮ್ಮ?"

ಅವಳ ಕೈಯಲ್ಲಿ ಹೊಸ ಕೊಕ್ಕೆ ಇತ್ತು, ಹತ್ತಿಯ ಒಂದೇ ಒಂದು ಎಳೆ ಅದರ ಬುಡದಲ್ಲಿ ಸಿಕ್ಕಿತ್ತು. ಎಲ್ಲರೂ ಈ ಬೆಳಿಗ್ಗೆಗಾಗಿ ಐದು ವಾರ ಕಾದಿದ್ದರು.

"ಇಲ್ರೀ," ಎಂದಳು. "ಇದು ಬ್ಯಾಡ."

"ಒಂದು ಎಳಿಗೆ ನಿಲ್ಲಸ್ತೀಯಲ್ಲವ್ವ!" ಎಂದರು ಹಿಂದಿನಿಂದ ಸಿದ್ದರಾಮೇಶ. "ಬುಡದಾಗ ಐತಿ, ಒಳಗ ಹೋಗೋ ಭಾಗಾನ ಅಲ್ಲ."

"ಹೌದ್ರೀ ಸಾಹೇಬ್ರ. ಆದ್ರೂ ಬ್ಯಾಡ."

ಅಂಬಿಕಾ ಆ ಕೊಕ್ಕೆಯನ್ನು ತೆಗೆದುಕೊಂಡು ತಾವೇ ಸವೆದ ಸಾಮಾನಿನ ಡಬ್ಬಿಗೆ ಹಾಕಿದರು. ಕಪಾಟಿನಿಂದ ಇನ್ನೊಂದು ಬಂತು. ಗ್ಯಾನಮ್ಮ ಅದಕ್ಕೆ ಮೂರು ಸಲ ಹತ್ತಿ ಎಳೆದಳು. ಎಳೆ ಎಲ್ಲೂ ನಿಲ್ಲಲಿಲ್ಲ. ಗಂಟು ಕಟ್ಟಿ ಹಬೆಯ ಯಂತ್ರಕ್ಕೆ ಇಟ್ಟರು.

"ಏನಾತ್ರೀ, ಯಾಕ ತಡ?" ಎಂದು ಗಾಲಿಮಂಚದಿಂದ ಜ್ಯೋತಿ ಕತ್ತು ಎತ್ತಿದರು.

"ಆಯಮ್ಮ ಇನ್ನಾ ಹ್ಞೂಂ ಅಂದಿಲ್ಲ," ಎಂದರು ಅಂಬಿಕಾ.

ಜ್ಯೋತಿ ಗ್ಯಾನಮ್ಮನನ್ನು ನೋಡಿದರು. ಅರವತ್ತರ ಹೆಂಗಸು, ನೀಲಿ ಏಪ್ರನ್ನು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು. "ಅವ್ರು ದೊಡ್ಡ ಡಾಕ್ಟರೇನ್ರೀ?"

ಮಮತಾ ನಕ್ಕಳು. ಉಳಿದವರೂ ನಕ್ಕರು, ಸಿದ್ದರಾಮೇಶ ಡಾಕ್ಟರು ಎಲ್ಲರಿಗಿಂತ ಜೋರಾಗಿ. ಐದು ವಾರದಿಂದ ಆ ಆಸ್ಪತ್ರೆಯಲ್ಲಿ ಇಷ್ಟು ಜನ ಒಟ್ಟಿಗೆ ನಕ್ಕಿರಲಿಲ್ಲ. ಹಬೆ ಇಳಿಯಿತು, ಯಂತ್ರದ ಬಾಗಿಲು ತೆರೆಯಿತು. ಮಮತಾ ಬಿಸಿ ಗಂಟನ್ನು ತಟ್ಟೆಯಲ್ಲಿಟ್ಟುಕೊಂಡು ಥಿಯೇಟರಿನ ಬಾಗಿಲಿಗೆ ಹೋದಳು. ಗಾಲಿಮಂಚ ಹಿಂದೆ ಬಂತು. ಅಂಬಿಕಾ ಕೈ ತೊಳೆದು, ಒದ್ದೆ ಮೊಣಕೈಗಳನ್ನು ಎತ್ತಿ ಹಿಡಿದು ಹೊಸ್ತಿಲವರೆಗೆ ಬಂದರು. ಒಳಗೆ ಹೆಜ್ಜೆ ಇಡದೆ ತಿರುಗಿ ನಿಂತು ಕೇಳಿದರು:

"ಈಗ ಹ್ಞೂಂ ಅಂತೀಯೇನು, ಗ್ಯಾನಮ್ಮ?"